ಸಪ್ಪಳ ನಿಂತ ಮೋಟಾರು

ಸವದತ್ತಿಯ ಬಾಳಕೃಷ್ಣನ ಬಾಡಿಗೆ ಮೋಟಾರು ಬರುವುದು ಊರಿಗೆ ಒಂದು ಮೈಲು ಇರುವಾಗಲೇ ತಿಳಿಯುತ್ತಿತ್ತು. ಅದರ ಸೈಲೆನ್ಸರ್ ತುಕ್ಕು ಹಿಡಿದು ತೂತಾಗಿತ್ತು. ಸೈಲೆನ್ಸರ್ ಎಂದರೆ ಇಂಜಿನ್ನಿನ ಹೊಗೆಯನ್ನು ಹಿಂದಕ್ಕೆ ಒಯ್ದು, ಸಪ್ಪಳ ತಗ್ಗಿಸಿ ಹೊರಗೆ ಬಿಡುವ ಕಬ್ಬಿಣದ ಡಬ್ಬಿ. ಅದು ಕೆಟ್ಟ ಮೇಲೆ ಮೋಟಾರು ಕಿವಿ ಒಡೆಯುವಂತೆ ಒದರುತ್ತಿತ್ತು. ಹಿಂಡುವಾಗ ಎಮ್ಮೆಗಳು ಒದೆಯುತ್ತಿದ್ದವು. ತೊಟ್ಟಿಲ ಕೂಸುಗಳು ಬೆಚ್ಚಿ ಏಳುತ್ತಿದ್ದವು. ಒಂದು ಸಂತೆಯ ದಿನ ಎತ್ತುಗಳು ಬೆದರಿ, ಜೋಳದ ಚೀಲ ತುಂಬಿದ ಚಕ್ಕಡಿ ಗಟಾರಕ್ಕೆ ಇಳಿಯಿತು.

"ಅಲ್ರೀ, ನಿಮ್ಮ ಗಾಡಿ ಬಾಯಿ ಮುಚ್ಚಸ್ತೀರೋ, ನಾವು ಊರು ಬಿಡೂನೋ?" ಎಂದು ಓಣಿಯವರು ಕೇಳಿದರು.

ಬಾಳಕೃಷ್ಣ ಮೊದಲಿನಿಂದ ಮೋಟಾರಿನವನಲ್ಲ. ಅವನ ಅಜ್ಜ, ತಂದೆ ಮನೆಮನೆಗೆ ಹೋಗಿ ಪೂಜೆ, ಹೋಮ ಮಾಡಿಸುತ್ತಿದ್ದವರು. ಅವನ ಕಾಲಕ್ಕೆ ಕರೆಯುವ ಮನೆಗಳು ಕಡಿಮೆಯಾದವು. ಅವನು ಬೆಳಗಾವಿಯ ಒಬ್ಬ ವಕೀಲರಲ್ಲಿ ಡ್ರೈವರನಾಗಿದ್ದು, ಅವರು ಹೊಸ ಮೋಟಾರು ಕೊಂಡಾಗ ಹಳೆಯದನ್ನು ತಾನು ತೆಗೆದುಕೊಂಡ. ಇತ್ತ ಬೈಲಹೊಂಗಲ, ಅತ್ತ ರಾಮದುರ್ಗ, ಹುಣ್ಣಿವೆ ಬಂದರೆ ಗುಡ್ಡದ ದೇವಿಯ ದರ್ಶನಕ್ಕೆ ಹೋಗುವ ಮಂದಿ. ಹೀಗೆ ಆರು ವರ್ಷ ಕಳೆದವು. ಆ ಮೋಟಾರಿಗೆ ಗಾಜಿನ ಕಿಟಕಿಗಳಿರಲಿಲ್ಲ. ಮಳೆ ಬಂದರೆ ಎರಡೂ ಕಡೆ ದಪ್ಪ ಬಟ್ಟೆಯ ಪರದೆ ಎಳೆದು ಗುಂಡಿ ಹಾಕಬೇಕು. ಬ್ಯಾಟರಿ ಸೋತಿತ್ತು. ಮುಂದೆ ನಿಂತು ಹ್ಯಾಂಡಲ್ ತಿರುಗಿಸಿಯೇ ಇಂಜಿನ್ ಎಬ್ಬಿಸಬೇಕಿತ್ತು. ಸಂಜೆ ಮನೆಗೆ ಬಂದರೆ ಬಾಳಕೃಷ್ಣ ಊಟಕ್ಕೆ ಮೊದಲೇ ಗೋಡೆಗೆ ಒರಗಿ ಕಣ್ಣು ಮುಚ್ಚುತ್ತಿದ್ದ.

"ಧಾರವಾಡಕ್ಕ ಒಯ್ದು ಗ್ಯಾರೇಜಿನ್ಯಾಗ ಹೊಸಾ ಸೈಲೆನ್ಸರ ಹಾಕಸ್ರಿ," ಎಂದಳು ಹೆಂಡತಿ ಯಮುನಾಬಾಯಿ.

"ಅಲ್ಲೆ ಬಿಟ್ರ ಎಂಟು ದಿನಾ ಬಿಡಬೇಕು. ಎಂಟು ದಿನಾ ಗಾಡಿ ನಿಂತ್ರ ನಾವೂ ನಿಂತ್ಹಂಗ. ನಾಕು ನಟ್ಟು ಬಿಗಿಯೋ ಕೆಲಸ ಅದ, ಮನ್ಯಾಗ ಮಾಡ್ತೇನಿ."

ಅವನು ಹುಬ್ಬಳ್ಳಿಯ ಗುಜರಿಯಿಂದ ಒಂದು ಲಾರಿಯ ಹಳೆಯ ಸೈಲೆನ್ಸರ್ ತಂದ. ಹಿತ್ತಲಿನಲ್ಲಿ ಮೋಟಾರಿನ ಹಿಂಭಾಗ ಎತ್ತಿ, ಕೆಳಗೆ ಕಲ್ಲು ಪೇರಿಸಿ, ಅಂಗಾತ ಮಲಗಿ ಒಳಗೆ ತೂರಿದ. ಯಮುನಾಬಾಯಿ ಸೆರಗು ಸಿಕ್ಕಿಸಿ ಕೊಳವೆಯ ತುದಿ ಹಿಡಿದು ಕುಳಿತಳು. ಅರ್ಧ ಕೆಲಸವಾಗುವಾಗ ಕೆಳಗಿನ ಒಂದು ಕಲ್ಲು ಪಟಕ್ಕನೆ ಸೀಳಿತು. ಮೋಟಾರು ನಾಲ್ಕು ಬೆರಳು ಕುಸಿಯಿತು. ಅವಳು ಚೀರಿ ಗಂಡನ ಕಾಲು ಹಿಡಿದು ಎಳೆದಳು. ಎದೆಯ ಮೇಲೆ ಅಂಗಿ ಹರಿದಿತ್ತು, ಮತ್ತೇನೂ ಆಗಿರಲಿಲ್ಲ.

"ಸಾಕು ಬಿಡ್ರಿ. ನಾಳೆ ಯಾರನ್ನಾರ ಕರದು ಮಾಡ್ರಿ."

"ಯಾರ್ನ ಕರೀಲಿ? ಮುಗಿಸಿಬಿಡ್ತೇನಿ. ನನಗೂ ಸಾಕಾಗ್ಯದ."

ಲಾರಿಯ ಸೈಲೆನ್ಸರ್ ಈ ಮೋಟಾರಿಗೆ ಹೊಂದಲಿಲ್ಲ. ಅದರ ಬಾಯಿ ದೊಡ್ಡದು, ಇವನ ಕೊಳವೆ ಸಣ್ಣದು. ಯಮುನಾಬಾಯಿ ದೀಪಕ್ಕೆ ಹಾಕುವ ಗ್ಯಾಸೆಣ್ಣೆಯ ಡಬ್ಬಿಯ ತಗಡನ್ನು ತನ್ನ ಕತ್ತರಿಯಿಂದ ಕತ್ತರಿಸಿ ಕೊಟ್ಟಳು. ಅವನು ಅದನ್ನು ಸಂದಿಗೆ ಸುತ್ತಿ ತಂತಿ ಬಿಗಿದ. ಸೈಲೆನ್ಸರ್ ಉದ್ದವಾಗಿದ್ದರಿಂದ ಹಿಂದಿನ ಬಾಲದ ಕೊಳವೆಗೆ ಜಾಗವೇ ಉಳಿಯಲಿಲ್ಲ. ಅದನ್ನು ಗರಗಸದಿಂದ ಕೊಯ್ದು ಎಸೆದ. ಈಗ ಹೊಗೆ ಮೋಟಾರಿನ ಬೆನ್ನ ಹಿಂದೆ ಹೋಗುವ ಬದಲು ಹಿಂದಿನ ಸೀಟಿನ ಕೆಳಗೇ ಹೊರಬೀಳುತ್ತಿತ್ತು.

"ಇಲ್ಲೇ ಬಿಡ್ತೀರೇನು ಹೊಗೀನ?" ಎಂದು ಅವಳು ಕೇಳಿದಳು.

"ಎಲ್ಲೆ ಬಿಟ್ರೇನು? ಗಾಡಿ ಓಡೂಮುಂದ ಗಾಳಿಗೆ ಹೋಗ್ತದ."

ಹ್ಯಾಂಡಲ್ ಹೊಡೆದ. ಇಂಜಿನ್ ಎದ್ದಿತು. ಗದ್ದಲವೇ ಇಲ್ಲ! ಓಣಿಯವರು ಬಂದು ನೋಡಿ, "ಧಾರವಾಡದ ಮಿಸ್ತ್ರಿನ್ನೂ ಮೀರಿಸಿದ್ರಿ," ಎಂದರು. ಬಾಳಕೃಷ್ಣ ಬಹಳ ದಿನಗಳ ಮೇಲೆ ನಕ್ಕ.

ಅದಾಗಿ ಹತ್ತು ದಿನಕ್ಕೆ ಅವನಿಗೆ ತಲೆನೋವು ಶುರುವಾಯಿತು. ಸಂಜೆಯಾದರೆ ಹಣೆ ಬಿಗಿದುಕೊಳ್ಳುತ್ತಿತ್ತು, ಊಟ ಸೇರುತ್ತಿರಲಿಲ್ಲ. ಬಿಸಿಲು ಎಂದ, ನಿದ್ದೆಗೆಟ್ಟಿದ್ದು ಎಂದ, ವಯಸ್ಸು ಎಂದ. ಯಮುನಾಬಾಯಿ ಶುಂಠಿ ತೇಯ್ದು ಹಣೆಗೆ ಹಚ್ಚುತ್ತಿದ್ದಳು. ದಣಿದ ಮನೆಯಲ್ಲಿ ಇನ್ನೊಂದು ದಣಿವು ಬಂದರೆ ಯಾರು ಎಣಿಸುತ್ತಾರೆ?

ಒಂದು ದಿನ ಬೈಲಹೊಂಗಲದಿಂದ ಸವದತ್ತಿಗೆ ಬರುವಾಗ ಸಂಗೊಳ್ಳಿಯ ಉಳವಪ್ಪ ಹಿಂದಿನ ಸೀಟಿನಲ್ಲಿ ಕುಳಿತಿದ್ದ. ಈಗ ಒಕ್ಕಲುತನ ಮಾಡುವವ. ಯುದ್ಧದ ಕಾಲದಲ್ಲಿ ಮಾತ್ರ ಐದು ವರ್ಷ ಫೌಜಿನಲ್ಲಿದ್ದು, ಲಾರಿಗಳ ರಿಪೇರಿ ಮಾಡಿ ಬಂದಿದ್ದ. ಸವದತ್ತಿಯಲ್ಲಿ ಇಳಿದವನೇ ಮೋಟಾರಿನ ಕೆಳಗೆ ಬಗ್ಗಿ ನೋಡಿದ.

"ಈ ಸೈಲೆನ್ಸರ ಯಾರು ಹಾಕಿದ್ರಿ?"

"ನಾನs. ಯಾಕ?"

"ಸಂದ್ಯಾಗ ಹೊಗಿ ಸೋರಾಕ ಹತ್ತೈತಿ. ಬಾಲಾನೂ ಇಲ್ಲ. ಹಿಂದ ಕುಂತವರಿಗೆ ತಲಿ ಹಿಡೀತೈತ್ರಿ. ನನಗ ಈಗ ಹಿಡದೈತಿ."

"ರಸ್ತಾ ಖರಾಬ ಅದ, ಕುಲುಕಾಟಕ್ಕ ಹಿಡದಿರ್ತದ."

"ಕುಲುಕಾಟಕ್ಕ ಬೆನ್ನ ನೋಯತೈತ್ರಿ ಸ್ವಾಮಿ. ಇದು ಬ್ಯಾರೆ. ಇಂಜಿನ್ನಿನ ಹೊಗ್ಯಾಗ ಒಂದು ವಿಷದ ಹವಾ ಇರತೈತಿ. ಅದಕ್ಕ ಬಣ್ಣಿಲ್ಲ, ವಾಸನಿಲ್ಲ. ಫೌಜಿನ್ಯಾಗ ಚಳಿಗೆ ಅಂತ ಇಬ್ಬರು ಲಾರಿ ಬಾಗಲಾ ಮುಚ್ಚಿ, ಇಂಜಿನ್ ಚಾಲೂ ಇಟ್ಟು ಮಲಗಿದ್ರು. ಮತ್ತ ಏಳಲಿಲ್ಲ. ನಾನs ಬಾಗಲಾ ತಗದಾಂವ."

ಬಾಳಕೃಷ್ಣ ಹೆಗಲ ಮೇಲಿನ ವಸ್ತ್ರದಿಂದ ಮುಖ ಒರೆಸಿಕೊಂಡ. "ಅದು ಲಾರಿ, ಇದು ನನ್ನ ಗಾಡಿ. ಎರಡೂ ಕಡೆ ತೆರದ ಅದ. ಆಗ್ಲಿ, ಒಂದಿನಾ ನೋಡ್ತೇನಿ."

"ಒಂದಿನಾ ಅನಬ್ಯಾಡ್ರಿ. ಮಳಿಗಾಲ ಬಂತು, ಪರದೆ ಹಾಕತೀರಿ," ಎಂದು ಹೇಳಿ ಉಳವಪ್ಪ ನಡೆದ.

ಮಳೆಗಾಲ ಬಂದೇ ಬಂತು. ಆಷಾಢದ ಒಂದು ಮಧ್ಯಾಹ್ನ ಮನೋಳಿಯ ಮಲಕಾಜಪ್ಪ ಮೋಟಾರು ಕರೆಸಿದ. ಅವನ ಮಗಳು ಕರೆವ್ವ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಬೆಳಗಿನಿಂದ ಬೇನೆ ತಿನ್ನುತ್ತಿದ್ದಳು. ಸೂಲಗಿತ್ತಿ ಕೈಚೆಲ್ಲಿ, ಸವದತ್ತಿಯ ದವಾಖಾನೆಗೆ ಒಯ್ಯಿರಿ ಎಂದಿದ್ದಳು.

ಹಿಂದಿನ ಸೀಟಿನಲ್ಲಿ ಕರೆವ್ವನನ್ನು ಮಲಗಿಸಿದರು. ತಾಯಿ ಬಾಯವ್ವ ಅವಳ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡಳು. ಮಲಕಾಜಪ್ಪ ಡ್ರೈವರನ ಮಗ್ಗುಲಲ್ಲಿ ಕುಳಿತ. ಹಿಂದೆ ಎರಡೂ ಕಡೆ ಪರದೆ ಎಳೆದು ಗುಂಡಿ ಹಾಕಿದರು. ಹೆಣ್ಣುಮಗಳ ಮರೆಗೆಂದು ನಡುವೆ ಒಂದು ಕಂಬಳಿಯನ್ನೂ ಕಟ್ಟಿದರು. ಮುಂದಿನ ಪರದೆ ಹರಿದಿತ್ತು, ಗಂಡಸರು ಇಬ್ಬರೂ ತೊಯ್ಯುತ್ತ ಕುಳಿತರು.

ಅರ್ಧ ದಾರಿಯಲ್ಲಿ ಹಳ್ಳ ತುಂಬಿ ಹರಿಯುತ್ತಿತ್ತು. ನೀರು ಇಳಿಯುವ ತನಕ ಕಾಯಬೇಕು.

"ಇಂಜಿನ್ ಬಂದ್ ಮಾಡ್ರಿ, ಸುಮ್ನ ಯಾಕ ಎಣ್ಣಿ ಸುಡತೀರಿ?" ಎಂದ ಮಲಕಾಜಪ್ಪ.

"ಬಂದ್ ಮಾಡಿದ್ರ ಈ ಮಳ್ಯಾಗ ಮತ್ತ ಏಳೂದಿಲ್ಲ. ಇರ್ಲಿ."

ಮೋಟಾರು ನಿಂತಲ್ಲೇ ಸಣ್ಣಗೆ ನಡುಗುತ್ತಿತ್ತು. ಕಂಬಳಿಯ ಹಿಂದೆ ಕರೆವ್ವ ನರಳುತ್ತಿದ್ದಳು. "ತಡಕೋ ನನ್ನವ್ವ, ಬಂತು, ಬಂತು," ಎಂದು ಬಾಯವ್ವ ಹೇಳುತ್ತಿದ್ದಳು. ಹೊತ್ತು ಹೋಯಿತು. ನರಳುವ ದನಿ ಸಣ್ಣಗಾಯಿತು. ಆಮೇಲೆ ನಿಂತಿತು. ಬಾಯವ್ವನ ಮಾತೂ ನಿಂತಿತು.

"ಬ್ಯಾನಿ ತಗ್ಗ್ಯಾವು ಕಾಣತೈತಿ, ತಾಯಿ-ಮಗಳಿಗೆ ಜೋಂಪ ಹತ್ತೈತಿ," ಎಂದ ಮಲಕಾಜಪ್ಪ. ಅವನ ದನಿಯಲ್ಲಿ ಸಮಾಧಾನವಿತ್ತು. "ಮಲಗಲಿ ಪಾಪ. ಬೆಳಗಿಂದ ಕಣ್ಣ ಮುಚ್ಚಿಲ್ಲ."

ಹಳ್ಳ ಇಳಿಯಿತು. "ಏಳ, ದಾಟೂನು," ಎಂದು ಮಲಕಾಜಪ್ಪ ಹೆಂಡತಿಯನ್ನು ಕರೆದ. ಉತ್ತರ ಬರಲಿಲ್ಲ. ಮತ್ತೆ ಕರೆದ. ಕಂಬಳಿ ಸರಿಸಿದ. ಬಾಯವ್ವನ ಕುತ್ತಿಗೆ ಒಂದು ಕಡೆ ವಾಲಿತ್ತು, ಬಾಯಿ ತೆರೆದಿತ್ತು. ಮಗಳ ಕೈ ಸೀಟಿನಿಂದ ಕೆಳಗೆ ಜೋತುಬಿದ್ದಿತ್ತು.

ಇಬ್ಬರನ್ನೂ ಎಳೆದು ಮಳೆಯಲ್ಲೇ ಬಯಲಿಗೆ ಮಲಗಿಸಿದರು. ಮಲಕಾಜಪ್ಪ ಒಮ್ಮೆ ಇವಳನ್ನು, ಒಮ್ಮೆ ಅವಳನ್ನು ಅಲುಗಿಸುತ್ತ ಹೆಸರು ಹಿಡಿದು ಕೂಗಿದ. ಸ್ವಲ್ಪ ಹೊತ್ತಿಗೆ ಬಾಯವ್ವ ಕೆಮ್ಮಿ, ವಾಂತಿ ಮಾಡಿಕೊಂಡು ಕಣ್ಣು ಬಿಟ್ಟಳು. ಕರೆವ್ವ ಬಹಳ ತಡವಾಗಿ ಉಸಿರೆಳೆದಳು. ಬಾಳಕೃಷ್ಣ ಮಲಕಾಜಪ್ಪನೊಡನೆ ಅವರನ್ನು ಎತ್ತಿ ಮತ್ತೆ ಸೀಟಿಗೆ ಸೇರಿಸಿದ. ಇಬ್ಬರಿಗೂ ಉಸಿರುಗಟ್ಟಿದೆ ಎನಿಸಿ ಪರದೆಗಳನ್ನು ಕಿತ್ತೊಗೆದು ಮೋಟಾರು ಓಡಿಸಿದ.

ದವಾಖಾನೆಯಲ್ಲಿ ಹೊತ್ತು ಮುಳುಗುವ ಮೊದಲು ಹೆರಿಗೆಯಾಯಿತು. ಗಂಡು ಕೂಸು. ಅಳಲಿಲ್ಲ.

ಕರೆವ್ವ ಉಳಿದಳು.

ಹೊರಗೆ ಕಟ್ಟೆಯ ಮೇಲೆ ಕುಳಿತಿದ್ದ ಬಾಳಕೃಷ್ಣನ ಹತ್ತಿರ ನರ್ಸ್ ಪದ್ಮವ್ವ ಬಂದಳು. ಇಪ್ಪತ್ತು ವರ್ಷದಿಂದ ಹೆರಿಗೆ ಮಾಡಿಸುತ್ತ ಬಂದವಳು. ಅವಳೂ ದಣಿದಿದ್ದಳು, ಕಂಬಕ್ಕೆ ಆತು ನಿಂತಳು.

"ಒಂದ ಮಾತ ಕೇಳತೇನ್ರಿ. ಬ್ಯಾನಿ ತಿಂದಾಕಿ ಮಗಳು. ತಾಯಿಗೆ ಯಾಕ ತಲಿನೋವು, ವಾಂತಿ? ಆಕಿನೂ ಯಾಕ ಎಚ್ಚರ ತಪ್ಪಿದ್ಲು?"

"ಅಂಜಿಕಿಗೆ ಆಗಿರಬೇಕು."

"ಅಂಜಿದವರನ್ನ ನಾ ದಿನಾ ನೋಡತೇನಿ. ಅವರು ಹಿಂಗ ಮಲಗೂದಿಲ್ಲ. ನಿಮ್ಮ ಮೋಟಾರಿನ್ಯಾಗ ಹೊಗಿ ಸೋರತೈತೇನು?"

ಬಾಳಕೃಷ್ಣ ತಲೆ ಎತ್ತಲಿಲ್ಲ. "ಹೊಗಿ ಕಾಣಸಲೇ ಇಲ್ರಿ. ವಾಸನೀನೂ ಇರಲಿಲ್ಲ."

"ಕೂಸು ಅದರಿಂದನs ಹೋತು ಅಂತ ನಾ ಆಣಿ ಮಾಡಿ ಹೇಳಾಕಿ ಅಲ್ಲ. ಆದ್ರ ಹೊಟ್ಟ್ಯಾಗಿನ ಕೂಸಿಗೆ ತಾಯಿ ಉಸರs ಉಸರು. ಮೋಟಾರ ತೋರಸ್ರಿ. ನಾಳೆ ಇನ್ನೊಬ್ಬಾಕಿ ಹತ್ತತಾಳ."

ಮನೆಗೆ ಬಂದು ಅವನು ಹೆಂಡತಿಗೆ ಉಳವಪ್ಪನ ಮಾತೂ ಸೇರಿ ಎಲ್ಲ ಹೇಳಿದ. ಹೇಳಿ, "ನರ್ಸಗೇನು ಗೊತ್ತು ಮೋಟಾರಿಂದು?" ಎಂದ. ಮರುದಿನವೂ ಬಾಡಿಗೆಗೆ ಹೊರಟ. ಹೋಗದೆ ಏನು ಮಾಡಬೇಕು ಎಂಬುದು ಅವನಿಗೆ ತಿಳಿದಿರಲಿಲ್ಲ. ಯಮುನಾಬಾಯಿ ಮೋಟಾರಿನ ಮುಂದೆ ಬಂದು ನಿಂತಳು.

"ಆ ತಗಡು ಕತ್ತರಿಸಿದಾಕಿ ನಾನು. ಖರೇ ಏನು, ಸುಳ್ಳೇನು ಅಂತ ತಿಳಿಯೂ ತನಕಾ ಇದರಾಗ ಯಾರನ್ನೂ ಹತ್ತಸಗೊಡೂದಿಲ್ಲ."

ಅವಳೇ ಸಂಗೊಳ್ಳಿಯ ಉಳವಪ್ಪನಿಗೆ ಕಾರ್ಡು ಬರೆದಳು. ನಾಲ್ಕನೆಯ ದಿನ ಅವನು ಬಸ್ಸಿನಿಂದ ಇಳಿದ. ಯಾರನ್ನೂ ಬೈಯಲಿಲ್ಲ. ಚಹಾ ಕುಡಿದು, "ಬರ್ರಿ, ನೋಡೂನು," ಎಂದ.

ಮೋಟಾರನ್ನು ಹಿತ್ತಲಿನಿಂದ ಬಯಲಿಗೆ ತಳ್ಳಿಸಿದ. "ಗ್ವಾಡಿ ನಡುವ, ಚಪ್ಪರದಾಗ ಇಂಜಿನ್ ಎಬ್ಬಿಸಿ ಪರೀಕ್ಷಾ ಮಾಡಬಾರದ್ರಿ. ವಿಷ ಹುಡುಕಾಕ ಹೋಗಿ ನಾವs ಕುಡದಂಗ ಆಗತೈತಿ." ಹಿಂದಿನ ಪರದೆ ಎಳೆಸಿದ. ಯಮುನಾಬಾಯಿಯಿಂದ ಒಂದು ಹಿಡಿ ಜೋಳದ ಹಿಟ್ಟು ಇಸಿದುಕೊಂಡು ಹಿಂದಿನ ಸೀಟಿನ ಕೆಳಗಿನ ಹಲಗೆಯ ಮೇಲೆ ಉದುರಿಸಿದ. ಇಂಜಿನ್ ಎಬ್ಬಿಸಿದರು. ಉಳವಪ್ಪ ತೊಯ್ದ ಗೋಣಿಯ ತುಂಡನ್ನು ಸೈಲೆನ್ಸರಿನ ಹಿಂದಿನ ಬಾಯಿಗೆ ಒಂದು ಗಳಿಗೆ ಒತ್ತಿ ಹಿಡಿದ. ತಗಡು ಸುತ್ತಿದ ಸಂದಿ ಹಾವಿನಂತೆ ಬುಸುಗುಟ್ಟಿತು. ಗೋಣಿ ತೆಗೆದ.

"ಈಗ ಹಿಟ್ಟು ನೋಡ್ರಿ. ಹೊರಗ ನಿಂತs ನೋಡ್ರಿ, ತಲಿ ಒಳಗ ಹಾಕಬ್ಯಾಡ್ರಿ."

ಹಲಗೆಗಳ ಬಿರುಕಿನ ಉದ್ದಕ್ಕೂ ಹಿಟ್ಟು ಸಣ್ಣಗೆ ಎದ್ದು ಎದ್ದು ಬೀಳುತ್ತಿತ್ತು. ಕೆಳಗಿನಿಂದ ಯಾರೋ ಊದಿದ ಹಾಗೆ. ಕರೆವ್ವನ ಮುಖ ಇದ್ದದ್ದು ಅದಕ್ಕಿಂತ ಒಂದು ಮೊಳ ಮೇಲೆ.

ಬಾಳಕೃಷ್ಣ ಇಂಜಿನ್ ಬಂದ್ ಮಾಡಿ ಅಲ್ಲೇ ನೆಲಕ್ಕೆ ಕುಳಿತ. "ನೀವು ಹೇಳಿದ್ರಿ," ಎಂದ. ಮತ್ತೆ, "ನೀವು ಹೇಳಿದ್ರಿ," ಎಂದ.

"ಹೇಳಿದ್ನಿ. ಕೆಳಗ ಮಲಗಿ ಬಿಚ್ಚಬೇಕಾಗಿತ್ತು, ಬರೇ ಹೇಳಿ ಹೋದ್ನಿ," ಎಂದ ಉಳವಪ್ಪ.

ಉಳವಪ್ಪ ಎರಡು ದಿನ ಅಲ್ಲೇ ಉಳಿದ. ಬಾಳಕೃಷ್ಣ ದಾರದಲ್ಲಿ ಕೊಳವೆಯ ಅಳತೆ ತೆಗೆದುಕೊಂಡು ಧಾರವಾಡಕ್ಕೆ ಹೋಗಿ, ಅದೇ ಮೋಟಾರಿಗೆ ಹೊಂದುವ ಸೈಲೆನ್ಸರ್ ತಂದ. ಜೊತೆಗೆ ಬಾಲದ ಕೊಳವೆ, ಸಂದಿಗೆ ಇಡುವ ಪಟ್ಟಿ, ಬಿಗಿಯುವ ಕಬ್ಬಿಣದ ಕಡಗ. ಮೋಟಾರನ್ನು ಗಟ್ಟಿ ನೆಲದಲ್ಲಿ ನಿಲ್ಲಿಸಿ, ಮುಂದಿನ ಗಾಲಿಗಳಿಗೆ ಎರಡೂ ಕಡೆ ಅಡ್ಡ ಕೊಟ್ಟು, ಎತ್ತಿದ ಭಾಗದ ಕೆಳಗೆ ಜಾಲಿಯ ದಪ್ಪ ದಿಮ್ಮಿಗಳನ್ನು ಇಟ್ಟರು.

"ಕಲ್ಲು ಒಮ್ಮೆಲೇ ಸೀಳತೈತಿ, ನಂಬಬ್ಯಾಡ್ರಿ. ಬರೇ ಜ್ಯಾಕ್ ಮ್ಯಾಲೂ ನಂಬಬ್ಯಾಡ್ರಿ. ದಿಮ್ಮಿ ಇಟ್ಟು, ಗಾಡಿ ಅಲುಗಿಸಿ ನೋಡಿ ಆಮ್ಯಾಲ ಕೆಳಗ ಹೋಗ್ರಿ. ಮತ್ತ ಕೊಳವಿ ಬಿಸಿ ಇದ್ದಾಗ ಮುಟ್ಟಬ್ಯಾಡ್ರಿ, ಆರಲಿ."

"ಮನ್ಯಾಗ ಮಾಡಿದ್ದs ತಪ್ಪಾತೇನ್ರಿ?" ಎಂದು ಯಮುನಾಬಾಯಿ ಕೇಳಿದಳು.

"ಮನ್ಯಾಗ ಮಾಡೂದು ತಪ್ಪಲ್ರಿ ಅಕ್ಕಾರ. ಈಗೂ ಮನ್ಯಾಗs ಮಾಡಾಕ ಹತ್ತೇವಲ್ಲ? ಸಪ್ಪಳ ನಿಂತ್ರ ಕೆಲಸ ಮುಗೀತು ಅಂದ್ಕೊಂಡದ್ದು ತಪ್ಪಾತು. ಹೊಗಿ ಎಲ್ಲಿ ಹೋತು ಅಂತ ನೋಡಬೇಕು."

ಬಾಲದ ಕೊಳವೆಯ ತುದಿ ಮೋಟಾರಿನ ಬೆನ್ನಿಗಿಂತ ಒಂದು ಗೇಣು ಹೊರಗೆ ಬಂದಿತು. ಹಲಗೆಯ ಬಿರುಕುಗಳನ್ನು ತಗಡು ಬಡಿದು ಮುಚ್ಚಿದರು. ಇಂಜಿನ್ ಎಬ್ಬಿಸಿ, ಕೊಳವೆ ಕಾಯುವ ಮೊದಲೇ ಸಂದಿಗಳಿಗೆ ಸಾಬೂನಿನ ನೀರು ಸವರಿದರು. ಗುಳ್ಳೆ ಏಳಲಿಲ್ಲ. ಮತ್ತೆ ಹಿಟ್ಟು ಉದುರಿಸಿದರು. ಹಿಟ್ಟು ಅಲುಗಲಿಲ್ಲ.

ಆ ವಾರ ಬಾಳಕೃಷ್ಣನ ತಲೆನೋವು ಹೋಯಿತು. ದಣಿವು ಹೋಗಲಿಲ್ಲ. ಅರ್ಧ ಊಟಕ್ಕೇ ತಟ್ಟೆ ಸರಿಸಿ ಏಳುತ್ತಿದ್ದ.

"ಮನೋಳಿಯವರಿಗೆ ಹೇಳ್ಬೇಕು," ಎಂದಳು ಯಮುನಾಬಾಯಿ.

"ಅವರು ದೇವರು ಒಯ್ದ ಅಂತ ತಿಳಕೊಂಡಾರ. ನಾ ಹೋಗಿ ಏನಂತ ಹೇಳ್ಲಿ?"

"ಆದದ್ದು ಹೇಳ್ರಿ. ನಾನೂ ಬರ್ತೇನಿ."

ಇಬ್ಬರೂ ಮನೋಳಿಗೆ ಹೋದರು. ಮಲಕಾಜಪ್ಪ ಪಡಸಾಲೆಯಲ್ಲಿ ಹಗ್ಗ ಹೊಸೆಯುತ್ತಿದ್ದ. ಬಾಯವ್ವ ಜೋಳ ಹಸನು ಮಾಡುತ್ತಿದ್ದಳು. ಕರೆವ್ವ ಮೂಲೆಯಲ್ಲಿ ಗೋಡೆಯ ಕಡೆ ಮುಖ ಮಾಡಿ ಕುಳಿತಿದ್ದಳು. ಬಾಳಕೃಷ್ಣ ಕುಳಿತುಕೊಳ್ಳಲಿಲ್ಲ. ಕಲ್ಲು, ತಗಡು, ಕೊಯ್ದ ಕೊಳವೆ, ಉಳವಪ್ಪ ಹೇಳಿದ ಮಾತು, ನರ್ಸ್ ಹೇಳಿದ ಮಾತು, ಹಿಟ್ಟು ಹಾರಿದ್ದು, ಒಂದನ್ನೂ ಬಿಡದೆ ಹೇಳಿದ. "ತಪ್ಪು ನಂದು," ಎಂದ.

ಬಾಯವ್ವ ಮೊರ ಕೆಳಗಿಟ್ಟಳು. ಎದ್ದು ಒಳಗೆ ಹೋದಳು. ಮತ್ತೆ ಹೊರಗೆ ಬರಲಿಲ್ಲ.

ಕರೆವ್ವ ಮೆಲ್ಲಗೆ ಈ ಕಡೆ ತಿರುಗಿದಳು.

"ನಮ್ಮ ಅತ್ತಿಮನ್ಯಾಗ, ನಾ ಗ್ರಹಣದಾಗ ಹೊರಗ ಬಂದದ್ದಕ್ಕ ಕೂಸು ಹೋತು ಅಂತಾರ್ರಿ. ಕರಕೊಂಡ ಹೋಗಾಕ ಬಂದಿಲ್ಲ. ಹಂಗಾರ ನನ್ನಿಂದ ಅಲ್ಲೇನ್ರಿ?"

"ಅಲ್ಲವ್ವಾ," ಎಂದಳು ಯಮುನಾಬಾಯಿ. ಹತ್ತಿರ ಹೋಗಿ ಕುಳಿತಳು. "ನಿನ್ನಿಂದ ಅಲ್ಲ."

ಕರೆವ್ವ ಅಂದು ಮೊದಲ ಸಲ ದನಿ ತೆಗೆದು ಅತ್ತಳು.

ಮಲಕಾಜಪ್ಪ ಕೈಯಲ್ಲಿದ್ದ ಹಗ್ಗವನ್ನೇ ನೋಡುತ್ತಿದ್ದ. ಅದನ್ನು ಕೆಳಗಿಟ್ಟು ಮಾತಾಡಿದ. "ನಿಮ್ಮ ಮ್ಯಾಲೆ ಸಿಟ್ಟು ಐತ್ರಿ. ಇಲ್ಲ ಅನ್ನೂದಿಲ್ಲ. ಆದ್ರ ಹೇಳಲಾರದ ಇದ್ರ ನನ್ನ ಮಗಳು ಜೀವಮಾನೆಲ್ಲಾ ತನ್ನs ಬಯ್ಕೊಂತ ಇರತಿದ್ಲು. ನಾಳೆ ನನ್ನ ಕೂಡ ಬೀಗರ ಊರಿಗೆ ಬರ್ರಿ. ಈಗ ಹೇಳಿದಂಗ ಅಲ್ಲೂ ಹೇಳ್ರಿ. ಆಮ್ಯಾಲ ಮೋಟಾರ ಇದ್ದವರಿಗೆಲ್ಲಾ ಹೇಳ್ರಿ."

ಬಾಳಕೃಷ್ಣ ಹೋದ. ಬೀಗರ ಪಡಸಾಲೆಯಲ್ಲಿ ಹತ್ತು ಮಂದಿಯ ಮುಂದೆ ನಿಂತು ಹೇಳಿದ. ಮುಂದಿನ ಅಮಾವಾಸ್ಯೆ ಕಳೆದ ಮೇಲೆ ಅವರು ಕರೆವ್ವನನ್ನು ಕರೆದುಕೊಂಡು ಹೋದರು. ಬಾಳಕೃಷ್ಣ ಇಂದಿಗೂ ಬೈಲಹೊಂಗಲದ ಮೋಟಾರು ಸ್ಟ್ಯಾಂಡಿನಲ್ಲಿ, ಕಿತ್ತೂರಿನಲ್ಲಿ, ರಾಮದುರ್ಗದಲ್ಲಿ ಬೇರೆ ಡ್ರೈವರರನ್ನು ಕೂರಿಸಿಕೊಂಡು ಇದನ್ನೇ ಹೇಳುತ್ತಾನೆ. ಹೇಳುವಾಗ ಅವನಿಗೆ ಸುಖವಿಲ್ಲ. ಆದರೂ ಹೇಳುತ್ತಾನೆ.

ಈ ಮಾತು ಕಿವಿಗೆ ಬಿದ್ದ ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಮೋಟಾರು, ಲಾರಿ ಯಾವುದೇ ಇರಲಿ, ಇವತ್ತೇ ಒಮ್ಮೆ ಅದರ ಕೆಳಗೆ ಬಗ್ಗಿ ನೋಡಿ. ಸೈಲೆನ್ಸರನ್ನು ಮನೆಯಲ್ಲಿ ಹಾಕಿದರೂ ಸರಿ, ಗ್ಯಾರೇಜಿನಲ್ಲಿ ಹಾಕಿಸಿದರೂ ಸರಿ, ಅದು ನಿಮ್ಮ ಗಾಡಿಗೆ ಹೊಂದುವಂಥದ್ದೇ ಆಗಿರಲಿ. ಸಂದಿ ಸೋರಬಾರದು, ಬಾಲದ ಕೊಳವೆ ಬೆನ್ನಿನಾಚೆಗೆ ಹೋಗಬೇಕು. ಮುಚ್ಚಿದ ಜಾಗದಲ್ಲಿ ಇಂಜಿನ್ ಎಬ್ಬಿಸಬೇಡಿ. ಹಳ್ಳ ತುಂಬಿದಾಗ ಇಂಜಿನ್ ನಿಲ್ಲಿಸಿಯೇ ಕಾಯಿರಿ. ಮತ್ತೆ ಹ್ಯಾಂಡಲ್ ಹೊಡೆಯುವುದು ಕಷ್ಟವೇ, ಆ ಕಷ್ಟ ಪಡಿ.

ಮೋಟಾರು ಇಲ್ಲದವರು ಇದು ನಮಗಲ್ಲ ಎನ್ನಬೇಡಿ. ಬಾಡಿಗೆಗೆ ಹತ್ತುವವರು ನೀವೇ. ಒಳಗೆ ಕುಳಿತ ಇಬ್ಬರಿಗೆ ಒಟ್ಟಿಗೆ ತಲೆನೋವು ಬಂದರೆ, ಹೊಟ್ಟೆ ತೊಳಸಿದರೆ, ಹೊತ್ತಲ್ಲದ ಹೊತ್ತಿನಲ್ಲಿ ಕಣ್ಣು ಎಳೆದರೆ ಸಂಕೋಚ ಪಡದೆ ಗಾಡಿ ನಿಲ್ಲಿಸಿ. ಕೆಳಗಿಳಿದು ಬಯಲಿನ ಗಾಳಿಗೆ ಬನ್ನಿ. ಎಚ್ಚರ ತಪ್ಪಿದವರನ್ನು ಎಳೆದು ಹೊರಗೆ ತನ್ನಿ, ದವಾಖಾನೆಗೆ ಒಯ್ಯಿರಿ. ಹಿಂದಿನ ಸೀಟಿನಲ್ಲಿ ಕುಳಿತವರು ಸುಮ್ಮನಾದರೆ ಮಲಗಿದ್ದಾರೆ ಎಂದುಕೊಳ್ಳಬೇಡಿ. ಪರದೆ ಸರಿಸಿ, ಹೆಸರು ಹಿಡಿದು ಕೂಗಿ, ಅವರು ಓಗೊಡುವ ತನಕ ಕೂಗಿ.